ಉಸ್ತಾದನಿಂದ ಟ್ರೈನರ್‌ವರೆಗೆ: ಮೈ ಪಳಗಿಸುವ ಗುರುವನ್ನು ಆರಿಸಿಕೊಂಡ ಬಗೆ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ. ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳು ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಒಂದೇ ಘಟಕ. ಅದರ ಹೆಸರು ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿನ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡಲು ಬಿ.ಇಡಿ. ಬೇಕು. ಅದೇ ಮಕ್ಕಳನ್ನು ಮೈದಾನದಲ್ಲಿ ಓಡಿಸಲು, ಕಬಡ್ಡಿ ಆಡಿಸಲು ದೈಹಿಕ ಶಿಕ್ಷಣದ ಪದವಿ ಬೇಕು. ಆದರೆ ಶಾಲೆ ಮುಗಿಸಿದ ಹುಡುಗ ಸಂಜೆ ಪೇಟೆಯ ಜಿಮ್‌ಗೆ ಹೋಗಿ ತನ್ನ ತೂಕಕ್ಕಿಂತ ಹೆಚ್ಚಿನ ಕಬ್ಬಿಣವನ್ನು ಎತ್ತುವಾಗ, ಪಕ್ಕದಲ್ಲಿ ನಿಂತು ‘ಇನ್ನೊಂದು, ಇನ್ನೊಂದು’ ಎಂದು ಹುರಿದುಂಬಿಸುವವನಿಗೆ ಏನು ಬೇಕು? ಕಾನೂನಿನ ದೃಷ್ಟಿಯಲ್ಲಿ ಹೇಳುವುದಾದರೆ ಏನೂ ಬೇಕಿಲ್ಲ. ಜಿಮ್ ತೆರೆಯಲು ಸ್ಥಳೀಯ ಸಂಸ್ಥೆಯ ವ್ಯಾಪಾರ ಪರವಾನಗಿ ಬೇಕಾಗುತ್ತದೆ. ಆ ಜಿಮ್‌ನೊಳಗೆ ನಿಂತು ಕಲಿಸುವ ‘ಟ್ರೈನರ್’ಗೆ ನಮ್ಮ ದೇಶದಲ್ಲಿ ಯಾವ ಪರವಾನಗಿಯೂ ಕಡ್ಡಾಯವಲ್ಲ.

ಇದು ಪಟ್ಟಣದ ಶೋಕಿಯ ವಿಷಯ ಎಂದು ತಳ್ಳಿಹಾಕುವಂತಿಲ್ಲ. ಮಳೆ ಕೈಕೊಡುವ ಈ ಬಯಲುಸೀಮೆಯಲ್ಲಿ ಪೊಲೀಸ್ ಮತ್ತು ಸೇನೆಯ ನೌಕರಿ ಬಹಳಷ್ಟು ಮನೆಗಳ ಕನಸು. ಆ ನೌಕರಿಗೆ 1600 ಮೀಟರ್ ಓಡಬೇಕು, ಎದೆ ಸುತ್ತಳತೆ ತೋರಿಸಬೇಕು. ಹಾಗಾಗಿ ದೇಹ ಇಲ್ಲಿ ಅನ್ನದ ದಾರಿಯೂ ಹೌದು. ಆ ದೇಹವನ್ನು ಯಾರ ಕೈಗೆ ಒಪ್ಪಿಸಬೇಕು ಎಂಬ ಪ್ರಶ್ನೆ ಹೊಸದೇನಲ್ಲ. ಕನ್ನಡ ನಾಡಿನಲ್ಲಿ ಅದಕ್ಕೆ ಒಂಬೈನೂರು ವರ್ಷಗಳ ಇತಿಹಾಸವಿದೆ. ಕಾಲಕಾಲಕ್ಕೆ ಜನ ಅದಕ್ಕೆ ಬೇರೆಬೇರೆ ಉತ್ತರ ಕಂಡುಕೊಂಡಿದ್ದಾರೆ.

ಚಾಲುಕ್ಯರ ಕಾಲದ ಪಾಠ

ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1126ರಿಂದ 1138ರವರೆಗೆ ಆಳಿದ. ಅವನ ಹೆಸರಿನಲ್ಲಿರುವ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ ರಾಜನೀತಿಯಿಂದ ಹಿಡಿದು ಅಡುಗೆಯವರೆಗೆ ನೂರು ವಿಷಯಗಳನ್ನು ಹೇಳುವ ಒಂದು ಬಗೆಯ ವಿಶ್ವಕೋಶ. ಅದರಲ್ಲಿ ‘ಮಲ್ಲವಿನೋದ’ ಎಂಬ ಒಂದು ಭಾಗವಿದೆ. ಕುಸ್ತಿಯನ್ನು ಅರಮನೆಯ ಮನರಂಜನೆಯಾಗಿ ವಿವರಿಸುವುದು ಅದರ ಉದ್ದೇಶ. ಆದರೆ ಇಂದಿನ ಓದುಗನಿಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಅದರಲ್ಲಿರುವ ತರಬೇತಿಯ ವಿವರ.

ಆ ಗ್ರಂಥ ಎಲ್ಲ ಮಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ವಯಸ್ಸು, ಮೈಕಟ್ಟು, ಕಸುವು ನೋಡಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ದರ್ಜೆ ಮಾಡುತ್ತದೆ. ಇನ್ನೂ ಬೆಳೆಯುತ್ತಿರುವ ಎಳೆಯ ಮಲ್ಲನಿಗೆ ‘ಭವಿಷ್ಣು’ ಎಂಬ ಬೇರೆಯೇ ಹೆಸರು. ಸಾಮು ಮಾಡುವ ವಿಧಾನಗಳೂ ಹಲವು. ಭಾರ ಎತ್ತುವುದು ಭಾರಶ್ರಮ. ನಡೆದಾಡುವುದು ಭ್ರಮಣಶ್ರಮ. ನೀರಿನಲ್ಲಿ ಈಜುವುದು ಸಲಿಲಶ್ರಮ. ಕಂಬ ಹತ್ತಿ ಇಳಿಯುವುದು ಸ್ತಂಭಶ್ರಮ. ತೋಳಿಗಾಗಿಯೇ ಇನ್ನೊಂದು ಬಗೆಯ ಶ್ರಮ. ಇಂದಿನ ಮಾತಿನಲ್ಲಿ ಹೇಳುವುದಾದರೆ ಶಕ್ತಿಗೆ ಒಂದು, ದಮ್ಮಿಗೆ ಒಂದು, ಕೀಲುಗಳ ಸಡಿಲಕ್ಕೆ ಒಂದು ಎಂಬ ವಿಂಗಡಣೆ ಅಲ್ಲಿದೆ. ಬರೀ ಭಾರ ಎತ್ತುವುದೇ ವ್ಯಾಯಾಮ ಎಂಬ ಭ್ರಮೆ ಹನ್ನೆರಡನೇ ಶತಮಾನದಲ್ಲಿ ಇರಲಿಲ್ಲ.

ಗ್ರಂಥದಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ ಇದೇ. ಮೊದಲು ಆಳನ್ನು ಅಳೆ, ಆಮೇಲೆ ಶ್ರಮವನ್ನು ಗೊತ್ತುಮಾಡು. ಒಳ್ಳೆಯ ತರಬೇತುದಾರನ ಲಕ್ಷಣವಾಗಿ ಇಂದು ಹೇಳುವ ಮೊದಲ ಮಾತೂ ಅದೇ ಆಗಿದೆ.

ದೊರೆಯ ಬೆಳಗಿನ ಜಾವ

ಇದಾಗಿ ಸುಮಾರು ನಾನೂರು ವರ್ಷಗಳ ನಂತರ, 1520ರ ಆಸುಪಾಸಿನಲ್ಲಿ, ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ವಿಜಯನಗರಕ್ಕೆ ಬಂದ. ಕೃಷ್ಣದೇವರಾಯನ ದಿನಚರಿಯನ್ನು ಅವನು ದಾಖಲಿಸಿದ್ದಾನೆ. ಬೆಳಕು ಹರಿಯುವ ಮೊದಲೇ ದೊರೆ ಎಳ್ಳೆಣ್ಣೆ ಕುಡಿಯುತ್ತಿದ್ದ. ಮೈಗೆಲ್ಲ ಅದೇ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದ. ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ಎತ್ತುತ್ತಿದ್ದ. ಕುಡಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೂ ಕತ್ತಿ ತಿರುಗಿಸುತ್ತಿದ್ದ. ಬಳಿಕ ತನ್ನ ಮಲ್ಲರಲ್ಲಿ ಒಬ್ಬನ ಜೊತೆ ಕುಸ್ತಿ ಹಿಡಿದು, ಕೊನೆಗೆ ಕುದುರೆ ಏರಿ ಬೆಳಗಾಗುವ ತನಕ ಬಯಲಿನಲ್ಲಿ ಓಡಿಸುತ್ತಿದ್ದ.

ಒಬ್ಬನಿಗಾಗಿ ಒಬ್ಬ ಮಲ್ಲ ಬೆಳಗಿನ ಜಾವ ಕಾದು ನಿಲ್ಲುವ ಈ ಏರ್ಪಾಟನ್ನು ಇಂದಿನ ‘ಪರ್ಸನಲ್ ಟ್ರೈನಿಂಗ್’ನ ಪೂರ್ವಜ ಎಂದು ಕರೆದರೆ ತಪ್ಪಾಗಲಾರದು. ಆದರೆ ಅದು ಅರಮನೆಯ ಸೌಲಭ್ಯ. ಸಾಮಾನ್ಯರಿಗೆ ಇದ್ದದ್ದು ಗರಡಿಮನೆ.

ಗರಡಿಯ ಸಾಕ್ಷಿ

ವ್ಯಾಯಾಮದ ಕನ್ನಡ ಪದಗಳನ್ನು ಸುಮ್ಮನೆ ಒಮ್ಮೆ ಹರವಿ ನೋಡಿದರೆ ಸಾಕು, ಇತಿಹಾಸ ಕಣ್ಣಿಗೆ ಬೀಳುತ್ತದೆ. ಗರಡಿ, ಸಾಮು, ಪಟ್ಟು ನಮ್ಮ ನೆಲದ ಮಾತುಗಳು. ಪಾವಗಡದ ಗಡಿ ದಾಟಿದರೆ ತೆಲುಗಿನಲ್ಲೂ ಅದು ‘ಗರಿಡಿ’ಯೇ. ಜಟ್ಟಿ ಎಂಬುದು ಸಂಸ್ಕೃತದ ‘ಜ್ಯೇಷ್ಠಿ’ಯ ಸವೆದ ರೂಪ. ಮಾನಸೋಲ್ಲಾಸದ ಜ್ಯೇಷ್ಠಿಕನಿಗೂ ನಮ್ಮ ಜಟ್ಟಿಗೂ ಇರುವ ನಂಟು ಇದರಲ್ಲಿ ಕಾಣುತ್ತದೆ. ಉಸ್ತಾದ, ಪೈಲ್ವಾನ, ಕುಸ್ತಿ ಇವು ಪಾರಸಿಯಿಂದ ಬಂದವು; ಕಸರತ್ತು ಅರಬ್ಬಿ ಮೂಲದ್ದು. ಶಿರಾ ಪಟ್ಟಣ 1687ರಿಂದ ಮೊಗಲರ ಸುಭಾ ಕೇಂದ್ರವಾಗಿತ್ತು. 1761ರಲ್ಲಿ ಹೈದರ್ ಅಲಿಯ ಕೈಸೇರಿತು. ಇಂಥ ಆಡಳಿತ ಕೇಂದ್ರಗಳ ಮೂಲಕ ದಂಡಿನ ಮಾತು, ಕಚೇರಿಯ ಮಾತು, ಅಖಾಡದ ಮಾತು ಎಲ್ಲವೂ ಕನ್ನಡಕ್ಕೆ ಇಳಿದವು. ಆಂಜನೇಯನ ಪಟದ ಮುಂದೆ ಕೈಮುಗಿದು ‘ಉಸ್ತಾದ್’ಗೆ ನಮಸ್ಕರಿಸುವ ಪೈಲ್ವಾನನಿಗೆ ಇದರಲ್ಲಿ ಯಾವ ವಿರೋಧವೂ ಕಂಡಿರಲಿಲ್ಲ.

ಹಳೆ ಮೈಸೂರು ಸೀಮೆಯ ಗರಡಿಯಲ್ಲಿ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಮಟ್ಟಿಯನ್ನು ಹದ ಮಾಡುತ್ತಾರೆ. ಹೊಸ ಹುಡುಗ ಬಂದ ದಿನವೇ ಅವನಿಗೆ ಪಟ್ಟು ಹೇಳಿಕೊಡುವ ಪದ್ಧತಿಯಿಲ್ಲ. ಮಟ್ಟಿ ಅಗೆಯುವುದು, ಬಸ್ಕಿ ಹೊಡೆಯುವುದು, ದಂಡ ತೆಗೆಯುವುದು, ಹಿರಿಯರ ಮೈ ತಿಕ್ಕುವುದು, ಇವೇ ಮೊದಲ ಪಾಠ. ಗದೆ ತಿರುಗಿಸುವುದು, ಕಲ್ಲುಗುಂಡು ಎತ್ತುವುದು ಆಮೇಲೆ. ಇದನ್ನು ಗುರುಸೇವೆ ಎಂದು ಬಣ್ಣಿಸುವುದುಂಟು. ಆದರೆ ಒಳಗಿನ ತರ್ಕ ಸರಳವಾಗಿದೆ. ಕೀಲು, ಸ್ನಾಯು, ನರ ಗಟ್ಟಿಯಾಗುವ ಮೊದಲು ಭಾರ ಹೊರಿಸಬಾರದು. ಸನಿಕೆ ಹಿಡಿದು ಮಣ್ಣು ಅಗೆದವನ ಸೊಂಟ ಮತ್ತು ಹೆಗಲು ತಾನಾಗಿ ಸಿದ್ಧವಾಗುತ್ತವೆ.

ಮೈಸೂರಿನ ಜಟ್ಟಿಗಳಿಗೆ ಇನ್ನೊಂದು ಖ್ಯಾತಿಯೂ ಇತ್ತು. ಮುರಿದ ಮೂಳೆ, ಉಳುಕಿದ ಕೀಲು ಕೂರಿಸುವುದರಲ್ಲಿ ಅವರು ಪಳಗಿದವರು. ವಿಜಯದಶಮಿಯ ದಿನ ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿಗಳು ಬರುತ್ತಾರೆ. ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದು ಮೊದಲೇ ಗೊತ್ತಿರುವುದು ಈ ಪರಂಪರೆಯ ಶಿಸ್ತಿನ ಭಾಗ. ಪೆಟ್ಟು ಕೊಡುವ ವಿದ್ಯೆ ಮತ್ತು ಪೆಟ್ಟು ವಾಸಿಮಾಡುವ ವಿದ್ಯೆ ಒಂದೇ ಮನೆಯಲ್ಲಿದ್ದವು.

ಹಾಗಾದರೆ ಆ ಕಾಲದ ತಂದೆತಾಯಿ ಉಸ್ತಾದನ ಯೋಗ್ಯತೆಯನ್ನು ಹೇಗೆ ಅಳೆಯುತ್ತಿದ್ದರು? ಕಾಗದ ನೋಡಿ ಅಲ್ಲ. ಅವನ ಶಿಷ್ಯರನ್ನು ನೋಡಿ. ಉಸ್ತಾದ ಅದೇ ಕೇರಿಯವನು. ಅವನ ಕೈಯಲ್ಲಿ ಪಳಗಿದವರು ಯಾರು, ಸೊಂಟ ಮುರಿದುಕೊಂಡವರು ಯಾರು, ನಲವತ್ತು ದಾಟಿದ ಮೇಲೆ ಅವರ ಮಂಡಿಯ ಗತಿ ಏನಾಯಿತು ಎಂಬುದು ಊರಿಗೆ ಗೊತ್ತಿರುತ್ತಿತ್ತು. ಜಾತ್ರೆಯ ಕುಸ್ತಿಯಲ್ಲಿ ಶಿಷ್ಯ ಬಿದ್ದರೆ ಗುರುವಿನ ಮಾನವೂ ಹೋಗುತ್ತಿತ್ತು. ಒಟ್ಟಿನಲ್ಲಿ ಊರೇ ಅವನ ಪರೀಕ್ಷಾ ಮಂಡಳಿಯಾಗಿತ್ತು.

ಈ ಪದ್ಧತಿಯನ್ನು ಅತಿಯಾಗಿ ಹೊಗಳಬೇಕಾಗಿಲ್ಲ. ಗರಡಿಯ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿತ್ತು. ಯಾರನ್ನು ಒಳಗೆ ಬಿಡಬೇಕು ಎಂಬುದರಲ್ಲಿ ಜಾತಿಯ ಲೆಕ್ಕಾಚಾರವೂ ಇರುತ್ತಿತ್ತು. ಉಸ್ತಾದನ ಮಾತಿಗೆ ಎದುರು ಪ್ರಶ್ನೆ ಕೇಳುವಂತಿರಲಿಲ್ಲ. ಎದೆನೋವು ಬಂದರೂ ಕೈನೀವುವುದೇ ಔಷಧಿ ಎಂದುಕೊಂಡ ಕಾಲ ಅದು. ಆದರೂ ಕಲಿಸಿದವನು ಕಲಿತವನ ಮುಂದಿನ ಬದುಕಿಗೆ ಉತ್ತರ ಹೇಳಬೇಕಾಗಿತ್ತು ಎಂಬುದು ಮರೆಯಬಾರದ ಮಾತು.

ಫೋಟೊ ಬಂದ ಮೇಲೆ

ಹತ್ತೊಂಬತ್ತನೇ ಶತಮಾನದ ಕೊನೆಗೆ ಎರಡು ಹೊಸ ಸಾಧನಗಳು ಬಂದವು. ಒಂದು ಅಚ್ಚಿನ ಪುಸ್ತಕ, ಇನ್ನೊಂದು ಛಾಯಾಚಿತ್ರ. ಪ್ರಷ್ಯಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಹೆಸರು ಮಾಡಿದ ಯೂಜೆನ್ ಸ್ಯಾಂಡೊ 1897ರಲ್ಲಿ ಅಲ್ಲಿ ದೇಹದಾರ್ಢ್ಯ ಸಂಸ್ಥೆ ತೆರೆದ. 1901ರ ಸೆಪ್ಟೆಂಬರ್ 14ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅವನು ಏರ್ಪಡಿಸಿದ ಮೈಕಟ್ಟಿನ ಸ್ಪರ್ಧೆಗೆ ಷರ್ಲಾಕ್ ಹೋಮ್ಸ್ ಕಥೆಗಳ ಕರ್ತೃ ಆರ್ಥರ್ ಕಾನನ್ ಡಾಯ್ಲ್ ತೀರ್ಪುಗಾರರಲ್ಲಿ ಒಬ್ಬರು. 1905ರಲ್ಲಿ ಸ್ಯಾಂಡೊ ಭಾರತ ಪ್ರವಾಸ ಮಾಡಿದ. ಅವನ ಪ್ರಭಾವ ಎಷ್ಟೆಂದರೆ, ತೋಳಿಲ್ಲದ ಬನಿಯನ್ನಿಗೆ ದಕ್ಷಿಣ ಭಾರತದಲ್ಲಿ ‘ಸ್ಯಾಂಡೊ ಬನಿಯನ್’ ಎಂಬ ಹೆಸರೇ ನಿಂತುಹೋಯಿತು.

ಕನ್ನಡ ನಾಡಿನಲ್ಲಿ ಈ ಹೊಸ ಅಲೆಗೆ ಮುಖವಾದವರು ಕೆ.ವಿ. ಅಯ್ಯರ್. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವಾಗಿ ಕನ್ನಡ ಓದುಗರಿಗೆ ಪರಿಚಿತರಾದ ಅಯ್ಯರ್ ಅವರೇ ಬೆಂಗಳೂರಿನ ಜೆ.ಸಿ. ರಸ್ತೆಯ ವ್ಯಾಯಾಮಶಾಲೆಯ ಸ್ಥಾಪಕರು. 1930ರಲ್ಲಿ ಅವರ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ಬಂತು. ಗ್ರೀಕ್ ಶಿಲ್ಪದಂತಿದ್ದ ತಮ್ಮ ದೇಹದ ಚಿತ್ರಗಳನ್ನು ಅವರು ಪ್ರಕಟಿಸಿದರು. ಅಂಚೆಯ ಮೂಲಕ ವ್ಯಾಯಾಮದ ಪಾಠಗಳನ್ನೂ ಕಳಿಸಿದರು. ಪಾಶ್ಚಾತ್ಯ ಡಂಬೆಲ್ ಮತ್ತು ನಮ್ಮ ಸೂರ್ಯನಮಸ್ಕಾರ ಎರಡನ್ನೂ ಒಂದೇ ಸೂರಿನಡಿ ತಂದ ಹೆಗ್ಗಳಿಕೆ ಅವರದು.

ಅಯ್ಯರ್ ಸ್ವತಃ ಓದಿಕೊಂಡವರು, ಪ್ರಯೋಗ ಮಾಡಿದವರು. ಆದರೆ ಅವರ ಕಾಲದಲ್ಲಿ ಒಂದು ದೊಡ್ಡ ಬದಲಾವಣೆ ಸದ್ದಿಲ್ಲದೆ ನಡೆಯಿತು. ಗುರುವಿನ ಯೋಗ್ಯತೆಗೆ ಅಲ್ಲಿಯವರೆಗೆ ಶಿಷ್ಯನ ದೇಹ ಸಾಕ್ಷಿಯಾಗಿತ್ತು. ಈಗ ಗುರುವಿನ ದೇಹವೇ ಸಾಕ್ಷಿಯಾಯಿತು. ಫೋಟೊ ಸರ್ಟಿಫಿಕೇಟಿನ ಜಾಗಕ್ಕೆ ಬಂತು. ಇಂದು ಜಿಮ್ ಬಾಗಿಲ ಫ್ಲೆಕ್ಸ್ ಬೋರ್ಡಿನಲ್ಲಿ ಮತ್ತು ಮೊಬೈಲ್ ಪರದೆಯ ಮೇಲೆ ಕಾಣುವ ಉಬ್ಬಿದ ತೋಳುಗಳು ಅದೇ ಪರಂಪರೆಯವು. ತನ್ನ ಮೈ ಬೆಳೆಸಿಕೊಳ್ಳುವುದು ಒಂದು ವಿದ್ಯೆ, ಇನ್ನೊಬ್ಬರ ಮೈ ಅರಿತು ಕಲಿಸುವುದು ಮತ್ತೊಂದು ವಿದ್ಯೆ. ಮೊದಲನೆಯದು ಇದ್ದವರಿಗೆಲ್ಲ ಎರಡನೆಯದು ಇರುತ್ತದೆಂಬ ಭರವಸೆಯಿಲ್ಲ.

ಆಳಿಗೆ ತಕ್ಕ ಪಾಠ

ಈ ಎರಡನೇ ವಿದ್ಯೆಗೆ ಒಳ್ಳೆಯ ಉದಾಹರಣೆ ಶಿರಾಕ್ಕೆ ನೆರೆಯ ಚಿತ್ರದುರ್ಗ ಜಿಲ್ಲೆಯಲ್ಲೇ ಸಿಗುತ್ತದೆ. 1888ರಲ್ಲಿ ಮುಚುಕುಂದಪುರದಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಆರಂಭಿಸಿದರು. ಮರುವರ್ಷ ಅವರ ‘ಯೋಗ ಮಕರಂದ’ ಕನ್ನಡದಲ್ಲಿ ಪ್ರಕಟವಾಯಿತು.

ಅವರ ಶಿಷ್ಯರನ್ನು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಹಾಸನ ಜಿಲ್ಲೆಯ ಕೌಶಿಕದ ಪಟ್ಟಾಭಿ ಜೋಯಿಸರು ಕಲಿತು ಮುಂದುವರಿಸಿದ್ದು ಉಸಿರಿನ ಜೊತೆ ಸಾಗುವ ರಭಸದ ಸರಣಿ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ, ಬಾಲ್ಯವಿಡೀ ಕಾಯಿಲೆಯಲ್ಲಿ ನರಳಿದ ಬಿ.ಕೆ.ಎಸ್. ಅಯ್ಯಂಗಾರ್ ಬೆಳೆಸಿದ್ದು ಅಂಗಾಂಗದ ಜೋಡಣೆಗೆ ಒತ್ತುಕೊಡುವ, ಬಾಗಲಾರದವರಿಗೆ ಹಗ್ಗ, ದಿಂಬು, ಇಟ್ಟಿಗೆಯ ಆಸರೆ ಕೊಡುವ ಪದ್ಧತಿ. ರಷ್ಯನ್ ಸಾಮ್ರಾಜ್ಯದಲ್ಲಿ ಹುಟ್ಟಿದ ಇಂದ್ರಾದೇವಿಯನ್ನು ಆಚಾರ್ಯರು ಮೊದಲು ಸೇರಿಸಿಕೊಳ್ಳಲಿಲ್ಲ. ಮಹಾರಾಜರ ಒತ್ತಾಯದ ಮೇಲೆ ಕಲಿಸಿದರು. ಆಕೆ 1947ರಲ್ಲಿ ಹಾಲಿವುಡ್‌ನಲ್ಲಿ ತೆರೆದ ಶಾಲೆಯಲ್ಲಿ ಹೇಳಿಕೊಟ್ಟದ್ದು ಮೃದುವಾದ ಕ್ರಮ. ಗುರು ಒಬ್ಬರೇ, ಪಾಠ ಮೂರು ಬಗೆ. ಮೈಸೂರಿನ ಯೋಗಶಾಲೆ 1950ರಲ್ಲಿ ಮುಚ್ಚಿತು. ಆಚಾರ್ಯರು ಮದ್ರಾಸಿಗೆ ಹೋದ ಬಳಿಕ ರೋಗಿಗಳು, ವೃದ್ಧರು, ಗೃಹಿಣಿಯರು ಅವರ ಬಳಿ ಬಂದರು. ಬಂದವರ ವಯಸ್ಸು, ಕಾಯಿಲೆ, ಉದ್ಯೋಗ ನೋಡಿ ಒಬ್ಬೊಬ್ಬರಿಗೂ ಬೇರೆ ಅಭ್ಯಾಸ ಕೊಡುವುದು ಅವರ ಕ್ರಮವಾಯಿತು.

ಮಾನಸೋಲ್ಲಾಸದ ದರ್ಜೆ ವಿಂಗಡಣೆಗೂ ಇದಕ್ಕೂ ಎಂಟು ಶತಮಾನದ ಅಂತರ. ಆದರೆ ಹೇಳುವ ಮಾತು ಒಂದೇ. ಎಲ್ಲರಿಗೂ ಒಂದೇ ಚೀಟಿ ಬರೆದುಕೊಡುವವನು ಗುರುವಲ್ಲ.

ಡ್ರಿಲ್ ಮೇಷ್ಟ್ರ ಕಾಗದ

ಸರ್ಟಿಫಿಕೇಟು ಎಂಬ ಮೂರನೇ ಸಾಕ್ಷಿ ಬಂದದ್ದು ಶಾಲೆಗಳ ಮೂಲಕ. ಬ್ರಿಟಿಷರ ಕಾಲದಲ್ಲಿ ಸೇನೆಯಿಂದ ನಿವೃತ್ತರಾದವರನ್ನೇ ಶಾಲೆಗಳಿಗೆ ಡ್ರಿಲ್ ಮೇಷ್ಟ್ರಾಗಿ ತೆಗೆದುಕೊಳ್ಳುವ ರೂಢಿಯಿತ್ತು. ಸಿಪಾಯಿಗಳನ್ನು ಕುಣಿಸಿದಂತೆ ಮಕ್ಕಳನ್ನೂ ಕುಣಿಸುತ್ತಿದ್ದರು. ಅಮೆರಿಕದಿಂದ ಬಂದ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ಆರಂಭಿಸಿದ ಮೇಲೆ ಚಿತ್ರ ಬದಲಾಯಿತು. ಮೂಳೆ, ಸ್ನಾಯು, ಉಸಿರಾಟದ ಶಾಸ್ತ್ರ ಓದಿ, ಪರೀಕ್ಷೆ ಬರೆದು, ಮೈದಾನದಲ್ಲಿ ಪಾಠ ಮಾಡಿ ತೋರಿಸಿದವರಿಗೆ ಮಾತ್ರ ಪ್ರಮಾಣಪತ್ರ ಎಂಬ ನಿಯಮ ಬೇರೂರಿತು. ಸ್ವಾತಂತ್ರ್ಯಾನಂತರ 1957ರಲ್ಲಿ ಗ್ವಾಲಿಯರ್‌ನಲ್ಲಿ ಲಕ್ಷ್ಮೀಬಾಯಿ ದೈಹಿಕ ಶಿಕ್ಷಣ ಕಾಲೇಜು, 1961ರಲ್ಲಿ ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಬಂದವು. ಪಟಿಯಾಲದ ಸಂಸ್ಥೆ ನೀಡುವ ‘ಎನ್.ಐ.ಎಸ್.’ ಡಿಪ್ಲೊಮಾ ಕ್ರೀಡಾ ತರಬೇತುದಾರರ ಯೋಗ್ಯತೆಗೆ ಅಳತೆಗೋಲಾಯಿತು.

ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಹಳ್ಳಿ ಶಾಲೆಯಲ್ಲಿ ಸೀಟಿ ಊದುವ ದೈಹಿಕ ಶಿಕ್ಷಕ ಈ ನೂರು ವರ್ಷದ ಇತಿಹಾಸದ ವಾರಸುದಾರ. ಅವರನ್ನು ‘ಪಿ.ಟಿ. ಮೇಷ್ಟ್ರು’ ಎಂದು ಹಗುರವಾಗಿ ಕಾಣುವವರುಂಟು. ವಾಸ್ತವದಲ್ಲಿ, ದೇಹಕ್ಕೆ ಸಂಬಂಧಿಸಿದ ತರಬೇತಿಯನ್ನು ಕ್ರಮವಾಗಿ ಓದಿ ಬಂದವರು ಸಣ್ಣ ಊರುಗಳಲ್ಲಿ ಬಹುಮಟ್ಟಿಗೆ ಅವರೇ.

ಕಬ್ಬಿಣದ ಅಂಗಡಿಗಳು

ಹೊರಜಗತ್ತಿನಲ್ಲೂ ವೈಯಕ್ತಿಕ ತರಬೇತುದಾರ ಎಂಬ ವೃತ್ತಿಗೆ ಕಟ್ಟುಪಾಡು ಬಂದದ್ದು ಇತ್ತೀಚೆಗೆ. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಸ್ಥಾಪನೆಯಾದದ್ದು 1954ರಲ್ಲಿ. ಅದು ಪ್ರಮಾಣಪತ್ರ ಕೊಡಲು ಆರಂಭಿಸಿದ್ದು 1975ರಲ್ಲಿ. ಅಮೆರಿಕನ್ ಕೌನ್ಸಿಲ್ ಆನ್ ಎಕ್ಸರ್‌ಸೈಜ್ ಹುಟ್ಟಿದ್ದು 1985ರಲ್ಲಿ. ಭಾರತದಲ್ಲಿ 2013ರ ಕೊನೆಗೆ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಜಾರಿಗೆ ಬಂದ ಬಳಿಕ ‘ಫಿಟ್‌ನೆಸ್ ಟ್ರೈನರ್’ ಎಂಬ ಹುದ್ದೆಗೂ ಒಂದು ಪಠ್ಯ, ಒಂದು ಮಟ್ಟ ನಿಗದಿಯಾಯಿತು. ಕ್ರೀಡೆ ಮತ್ತು ಫಿಟ್‌ನೆಸ್ ಕ್ಷೇತ್ರದ ಕೌಶಲ ಮಂಡಳಿ ಅದನ್ನು ನೋಡಿಕೊಳ್ಳುತ್ತದೆ. ಯೋಗ ಶಿಕ್ಷಕರಿಗೆ ಆಯುಷ್ ಸಚಿವಾಲಯದಡಿ ಯೋಗ ಪ್ರಮಾಣೀಕರಣ ಮಂಡಳಿ ಇದೆ. ಆದರೆ ಇವೆಲ್ಲ ಬಯಸಿದವರು ಪಡೆಯಬಹುದಾದ ಅರ್ಹತೆಗಳು. ಪಡೆಯದಿದ್ದರೆ ದಂಡವಿಲ್ಲ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ನಿಧನರಾದಾಗ ಇಡೀ ನಾಡು ದಿಗ್ಭ್ರಮೆಗೊಂಡಿತು. ದೇಹದಾರ್ಢ್ಯಕ್ಕೆ ಹೆಸರಾಗಿದ್ದ ನಟನ ಹಠಾತ್ ಸಾವು ಜಿಮ್‌ಗಳ ಬಗ್ಗೆ ಭಯವನ್ನೂ ಹುಟ್ಟಿಸಿತು. ಜಿಮ್‌ಗಳಿಗೆ ಮಾರ್ಗಸೂಚಿ ಬೇಕೆಂಬ ಮಾತು ಸರ್ಕಾರದ ಮಟ್ಟದಲ್ಲೂ ಕೇಳಿಬಂತು. ವ್ಯಾಯಾಮದಿಂದಲೇ ಸಾವು ಬಂತೆಂದು ತೀರ್ಮಾನಿಸುವುದು ಸರಿಯಲ್ಲ. ನಿಯಮಿತ ವ್ಯಾಯಾಮ ಹೃದಯಕ್ಕೆ ಹಿತ ಎಂಬುದರಲ್ಲಿ ವೈದ್ಯಶಾಸ್ತ್ರಕ್ಕೆ ಅನುಮಾನವಿಲ್ಲ. ಆದರೆ ವ್ಯಾಯಾಮ ಹೇಳಿಕೊಡುವವರು ಏನನ್ನು ಕೇಳಬೇಕು, ಏನನ್ನು ಅರಿತಿರಬೇಕು ಎಂಬ ಪ್ರಶ್ನೆ ಜನರ ಬಾಯಿಗೆ ಬಂದದ್ದು ಆಗ.

ಕೇಳಬೇಕಾದ ಪ್ರಶ್ನೆಗಳು

ಹಾಗಾದರೆ ಇಂದು ಒಬ್ಬ ಯುವಕನೋ, ಯುವತಿಯೋ, ಮಧುಮೇಹ ಬಂದ ಐವತ್ತರ ಗೃಹಸ್ಥನೋ ಟ್ರೈನರ್‌ನನ್ನು ಆರಿಸಿಕೊಳ್ಳುವುದು ಹೇಗೆ? ಇತಿಹಾಸ ಕೊಟ್ಟ ಮೂರು ಸಾಕ್ಷಿಗಳಲ್ಲಿ, ಅಂದರೆ ಶಿಷ್ಯರು, ಮೈಕಟ್ಟು, ಕಾಗದ, ಇವುಗಳಲ್ಲಿ ಮಧ್ಯದ್ದನ್ನು ಬಿಟ್ಟು ಉಳಿದೆರಡನ್ನು ಹಿಡಿಯುವುದು ಕ್ಷೇಮ.

ಮೊದಲು ಕಾಗದ. ಗೋಡೆಗೆ ಚೌಕಟ್ಟು ಹಾಕಿ ತೂಗುಹಾಕಿದ್ದನ್ನು ಹತ್ತಿರ ಹೋಗಿ ಓದಬೇಕು. ಯಾರು ಕೊಟ್ಟದ್ದು, ಎಷ್ಟು ದಿನದ ಕಲಿಕೆ, ಪ್ರಾಯೋಗಿಕ ಪರೀಕ್ಷೆ ಇತ್ತೇ ಎಂದು ವಿಚಾರಿಸಬೇಕು. ವಾರಾಂತ್ಯದ ಶಿಬಿರದ ಹಾಜರಾತಿ ಪತ್ರಕ್ಕೂ ದೈಹಿಕ ಶಿಕ್ಷಣದ ಪದವಿಗೂ ವ್ಯತ್ಯಾಸವಿದೆ. ಅಂತರರಾಷ್ಟ್ರೀಯ ಪ್ರಮಾಣಪತ್ರಗಳಿಗೆ ಅವಧಿ ಇರುತ್ತದೆ. ಎರಡು ಅಥವಾ ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಕುಸಿದು ಬಿದ್ದವರ ಎದೆ ಒತ್ತಿ ಉಸಿರು ಉಳಿಸುವ ಸಿ.ಪಿ.ಆರ್. ತರಬೇತಿ ಇದೆಯೇ ಎಂಬುದನ್ನು ಕೇಳಲು ಸಂಕೋಚಪಡಬೇಕಿಲ್ಲ. ದೊಡ್ಡಾಸ್ಪತ್ರೆ ದೂರವಿರುವ ತಾಲ್ಲೂಕುಗಳಲ್ಲಿ ಆ ಮೊದಲ ಕೆಲವು ನಿಮಿಷಗಳ ಬೆಲೆ ಹೆಚ್ಚು.

ಎರಡನೆಯದು, ಟ್ರೈನರ್ ಕೇಳುವ ಪ್ರಶ್ನೆಗಳು. 1970ರ ದಶಕದಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಏಳು ಪ್ರಶ್ನೆಗಳ ಒಂದು ಪಟ್ಟಿ ತಯಾರಾಯಿತು. ಹೃದಯದ ತೊಂದರೆ ಇದೆಯೆಂದು ವೈದ್ಯರು ಹೇಳಿದ್ದಾರೆಯೇ, ಎದೆನೋವು ಬರುತ್ತದೆಯೇ, ತಲೆಸುತ್ತಿ ಬಿದ್ದದ್ದುಂಟೇ, ಕೀಲುನೋವು ಇದೆಯೇ ಎಂಬಂಥ ಸರಳ ಪ್ರಶ್ನೆಗಳು ಅದರಲ್ಲಿವೆ. ಜಗತ್ತಿನ ಹಲವೆಡೆ ಅದು ಬಳಕೆಗೆ ಬಂತು. ಇವುಗಳಲ್ಲಿ ಒಂದನ್ನೂ ಕೇಳದೆ ಶುಲ್ಕ ಪಡೆದು ನೇರವಾಗಿ ಭಾರದ ಮುಂದೆ ನಿಲ್ಲಿಸುವವರಿಂದ ದೂರವಿರುವುದೇ ಲೇಸು.

ಈ ಸೀಮೆಗೆ ಎಂಟನೆಯ ಪ್ರಶ್ನೆಯೊಂದನ್ನು ಸೇರಿಸಬೇಕಾಗುತ್ತದೆ: ಕುಡಿಯುವ ನೀರು ಯಾವುದು? ಪಾವಗಡ ಮತ್ತು ಸುತ್ತಲಿನ ಪ್ರದೇಶದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಬಹುಕಾಲದ ಸಮಸ್ಯೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುತ್ತದೆ. ಪ್ರಮಾಣ ಇನ್ನೂ ಹೆಚ್ಚಾದರೆ ಬೆನ್ನೆಲುಬು ಮತ್ತು ಕೀಲುಗಳು ಬಿಗಿಯುತ್ತವೆ. ಇಂಥವರ ಸೊಂಟ ಬಾಗದಿದ್ದರೆ ಅದು ಸೋಮಾರಿತನವಲ್ಲ. ‘ಅಭ್ಯಾಸದಿಂದ ಸರಿಹೋಗುತ್ತದೆ’ ಎಂದು ಬಲವಂತವಾಗಿ ಬಗ್ಗಿಸಿದರೆ ಹಾನಿ ಖಂಡಿತ. ಬೆಂಗಳೂರಿನಲ್ಲಿ ಕಲಿತ ಪಾಠವನ್ನು ಇಲ್ಲಿ ಹಾಗೆಯೇ ಒಪ್ಪಿಸುವವರಿಗೆ ಇದು ಹೊಳೆಯುವುದಿಲ್ಲ.

ಮೂರನೆಯದು, ಅವಸರ. ನೇಮಕಾತಿ ಪ್ರಕಟಣೆ ಬಂದ ಕೂಡಲೇ ತಿಂಗಳೊಪ್ಪತ್ತಿನಲ್ಲಿ ಮೈ ಹುರಿಗೊಳಿಸುತ್ತೇವೆಂಬ ಮಾತು ಅಪಾಯದ ಸೂಚನೆ. ಅಭ್ಯಾಸವಿಲ್ಲದವನಿಂದ ಮೊದಲ ದಿನವೇ ನೂರಾರು ಬಸ್ಕಿ ಹೊಡೆಸಿದರೆ ಸ್ನಾಯುವಿನ ಜೀವಕೋಶಗಳು ಒಡೆದು, ಅದರ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಮೂತ್ರ ಚಹಾ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುವುದು ಅದರ ಲಕ್ಷಣ. ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹೊಸಬನ ಕೈಗೆ ಮೊದಲು ಸನಿಕೆ ಕೊಟ್ಟ ಗರಡಿಯ ಉಸ್ತಾದನಿಗೆ ಈ ರೋಗದ ಹೆಸರು ಗೊತ್ತಿರಲಿಲ್ಲ. ಆದರೆ ತಾಳ್ಮೆಯ ಅಗತ್ಯ ಗೊತ್ತಿತ್ತು.

ನಾಲ್ಕನೆಯದು, ಡಬ್ಬ ಮತ್ತು ಸೂಜಿ. ಟ್ರೈನರ್ ತಾನೇ ಪ್ರೋಟೀನ್ ಪುಡಿ ಮಾರುವವನಾದರೆ ಅವನ ಸಲಹೆಯಲ್ಲಿ ಲಾಭದ ಪಾಲೂ ಇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಇಂಥ ಪುಡಿಗಳಿಂದ ದೂರವಿರಲು ಹೇಳಿದೆ. ಆರೋಗ್ಯವಂತ ವಯಸ್ಕನಿಗೆ ದಿನಕ್ಕೆ ದೇಹತೂಕದ ಕಿಲೋ ಒಂದಕ್ಕೆ 0.83 ಗ್ರಾಂ ಪ್ರೋಟೀನ್ ಎಂಬುದು ಅದರ ಶಿಫಾರಸು. 60 ಕಿಲೋ ತೂಗುವವನಿಗೆ ಸುಮಾರು 50 ಗ್ರಾಂ. ಕಠಿಣ ಅಭ್ಯಾಸ ಮಾಡುವವರಿಗೆ ತುಸು ಹೆಚ್ಚು ಬೇಕಾದೀತು. ನೂರು ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 24 ಗ್ರಾಂ, ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಎರಡೂ ಈ ನಾಲ್ಕು ತಾಲ್ಲೂಕುಗಳ ಹೊಲದಲ್ಲೇ ಬೆಳೆಯುತ್ತವೆ. ಇನ್ನು ಸ್ನಾಯು ಉಬ್ಬಿಸುವ ಸ್ಟಿರಾಯ್ಡ್ ಸೂಜಿಯ ಮಾತೆತ್ತುವವನನ್ನು ಆ ಕ್ಷಣವೇ ಬಿಡಬೇಕು. ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರುವುದು ಕಾನೂನಿಗೆ ವಿರುದ್ಧ. ಯಕೃತ್ತು, ಹೃದಯ, ಸಂತಾನಶಕ್ತಿ ಮೂರಕ್ಕೂ ಅದು ಕುತ್ತು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಗರಡಿ ಮುಚ್ಚಿದ್ದ ಬಾಗಿಲನ್ನು ಜಿಮ್ ತೆರೆದಿದೆ, ಅದು ದೊಡ್ಡ ಲಾಭ. ಮಹಿಳೆಯರಿಗೆ ಪ್ರತ್ಯೇಕ ಸಮಯ ಅಥವಾ ಮಹಿಳಾ ತರಬೇತುದಾರರು ಇದ್ದಾರೆಯೇ, ಮೈ ಮುಟ್ಟಿ ತಿದ್ದುವ ಮೊದಲು ಒಪ್ಪಿಗೆ ಕೇಳುತ್ತಾರೆಯೇ, ಹೆರಿಗೆ, ಶಸ್ತ್ರಚಿಕಿತ್ಸೆ, ರಕ್ತಹೀನತೆಯ ಬಗ್ಗೆ ವಿಚಾರಿಸುತ್ತಾರೆಯೇ ಎಂಬುದನ್ನು ನೋಡಿ ತೀರ್ಮಾನಿಸಬೇಕು.

ಮತ್ತೆ ಊರಿನ ಕಣ್ಣು

ಕೊನೆಯ ಸಾಕ್ಷಿ ಶಿಷ್ಯರದು. ಆರು ತಿಂಗಳಿಂದ ಅದೇ ಜಿಮ್‌ಗೆ ಹೋಗುತ್ತಿರುವವರನ್ನು, ಹಾಗೆಯೇ ಬಿಟ್ಟುಬಂದವರನ್ನು ವಿಚಾರಿಸಬೇಕು. ಬಿಟ್ಟುಬಂದವರ ಮಾತಿಗೆ ತೂಕ ಹೆಚ್ಚು. ನೋವು ಎಂದಾಗ ಟ್ರೈನರ್ ಭಾರ ಇಳಿಸಿದನೇ, ಗದರಿದನೇ? ತನಗೆ ತಿಳಿಯದ್ದು ಎದುರಾದಾಗ ವೈದ್ಯರ ಬಳಿ ಕಳಿಸಿದನೇ? ಮಗ ಕಲಿತ ಪ್ರೌಢಶಾಲೆಯ ದೈಹಿಕ ಶಿಕ್ಷಕರನ್ನು ಒಂದು ಮಾತು ಕೇಳಿದರೆ ಊರಿನ ಯಾವ ಜಿಮ್‌ನಲ್ಲಿ ಪಾಠ ಸರಿಯಾಗಿದೆ ಎಂಬುದು ಅವರಿಗೆ ತಿಳಿದಿರುವ ಸಾಧ್ಯತೆ ಹೆಚ್ಚು. ಕಾಸಿನ ಖರ್ಚಿಲ್ಲದೆ ಸಿಗುವ ಈ ಸಲಹೆಯನ್ನು ಹೆಚ್ಚಿನವರು ಬಳಸಿಕೊಳ್ಳುವುದಿಲ್ಲ.

ಕಾನೂನು ಬರಬೇಕು, ಬರಲಿ. ಅದು ಬರುವ ತನಕ ಪರೀಕ್ಷಾ ಮಂಡಳಿಯ ಕೆಲಸವನ್ನು ಜನರೇ ಮಾಡಬೇಕಾಗಿದೆ. ಸಂಜೆಯ ಹೊತ್ತು ಗರಡಿಯ ಜಗಲಿಯ ಮೇಲೆ ಕುಳಿತು ಹುಡುಗರ ಸಾಮು ನೋಡುವ ಹಿರಿಯರು ಹಿಂದೆ ಇದ್ದರು. ಮಗನೋ ಮಗಳೋ ಜಿಮ್‌ಗೆ ಸೇರುವ ಮೊದಲು ತಂದೆತಾಯಿ ಒಂದು ಸಂಜೆ ಅರ್ಧ ಗಂಟೆ ಅಲ್ಲಿ ನಿಂತು ನೋಡಿದರೆ ಸಾಕು. ಟ್ರೈನರ್‌ನ ಕಣ್ಣು ಕಲಿಯುವವರ ಬೆನ್ನು, ಮಂಡಿಯ ಮೇಲಿದೆಯೋ ಅಥವಾ ಕೈಯಲ್ಲಿರುವ ಮೊಬೈಲಿನ ಮೇಲಿದೆಯೋ ಎಂಬುದು ಅಷ್ಟರಲ್ಲಿ ಗೊತ್ತಾಗುತ್ತದೆ.